ಎರಡು ರೂಪಾಯಿಯ ‘ಇಲ್ಲ’

ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದನ್ನು ನಾನು ನೋಡಿದ್ದು ಒಂದೇ ಸಲ, ಅದೂ ಅವರು ತೀರಿಕೊಂಡ ಮೇಲಿನ ಶಿವಗಣಾರಾಧನೆಯ ಕಾರ್ಡಿನ ಫೋಟೋದಲ್ಲಿ. ಎರಡೂ ಕೈ ತೊಡೆಯ ಮೇಲೆ, ಹಣೆಯಲ್ಲಿ ವಿಭೂತಿ, ಹಿಂದೆ ಸ್ಟುಡಿಯೋದವನ ನೀಲಿ ಪರದೆ. ಅದನ್ನು ನೋಡಿ ನನಗೆ ಮೊದಲು ಬಂದದ್ದು ದುಃಖವಲ್ಲ, ಕಿರಿಕಿರಿ. ಹದಿನಾಲ್ಕು ವರ್ಷ ನನ್ನ ಜೊತೆ ಕೆಲಸ ಮಾಡಿದ ಮನುಷ್ಯ ಇವರಲ್ಲ ಅನ್ನಿಸಿತು. ನಾನು ಕಂಡವರು ಟೀಯನ್ನೂ ನಡೆಯುತ್ತಲೇ ಕುಡಿಯುತ್ತಿದ್ದರು. ಬೆಳಿಗ್ಗೆ ಭದ್ರಾವತಿಯಿಂದ ರೈಲಿನಲ್ಲಿ ಬರುವಾಗ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರವೇ ನಿಂತು ಬರುತ್ತಿದ್ದರು. ‘ಕೂತ್ರೆ ರೈಲು ನಿಧಾನ ಹೋಗುತ್ತೆ ಮಾರಾಯ’ ಎನ್ನುತ್ತಿದ್ದರು.

ಹೆಸರು ಬರೆಯುವುದಿಲ್ಲ. ಅವರ ಮಗಳು ಇನ್ನೂ ಅದೇ ಊರಿನಲ್ಲಿದ್ದಾಳೆ, ಮತ್ತು ಇದರಲ್ಲಿ ಅವಳ ಪಾಲೂ ಇದೆ. ಬರೆಯದೆ ಇರೋಣವೆಂದರೆ ಹದಿನೈದು ದಿನದಿಂದ ನನಗೆ ಸರಿಯಾಗಿ ಊಟ ಸೇರುತ್ತಿಲ್ಲ.

ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ಒಬ್ಬ ಖರೀದಿದಾರರ ಮಂಡಿಯಲ್ಲಿ ನಾವಿಬ್ಬರೂ ಇದ್ದೆವು. ಅವರು ಮಾಲು ನೋಡುವವರು. ಮಾರಾಟಕ್ಕೆ ಬಂದ ಚೀಲಗಳನ್ನು ನೋಡಿ ಇದಕ್ಕೆ ಇಷ್ಟು ಕೊಡಬಹುದು ಎಂದು ರೇಟು ಹೇಳುವುದು ಅವರ ಕೆಲಸ, ಆ ರೇಟನ್ನು ಕಂಪ್ಯೂಟರಿನ ಟೆಂಡರಿಗೆ ಹಾಕುವುದು ನನ್ನದು. ಟೆಂಡರ್ ಅಂದರೆ ಗುಟ್ಟಿನ ವ್ಯವಹಾರ. ಯಾವ ವ್ಯಾಪಾರಿ ಎಷ್ಟು ಹಾಕಿದ ಅಂತ ತೆರೆಯುವ ತನಕ ಇನ್ನೊಬ್ಬನಿಗೆ ತಿಳಿಯಬಾರದು. ಚೀಟಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದ ಕಾಲದವರು ಅವರು. ಕಂಪ್ಯೂಟರ್ ಬಂದ ಮೇಲೂ ನನ್ನ ಕಿವಿಯ ಹತ್ತಿರ ಬಂದು, ಬಾಯಿಗೆ ಟವೆಲ್ ಅಡ್ಡ ಹಿಡಿದೇ ರೇಟು ಹೇಳುತ್ತಿದ್ದರು. ನಮ್ಮ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗಲೂ ಹಾಗೆಯೇ.

ಚೀಲದ ಮೇಲಿನ ಅಡಿಕೆಯನ್ನು ಅವರು ಮುಟ್ಟುತ್ತಿರಲಿಲ್ಲ. ‘ಮೇಲೆ ಚೆಂದದ್ದೇ ಇಟ್ಟಿರ್ತಾರೆ. ಮದುವೆ ಹುಡುಗೀನ ನೋಡಕ್ಕೆ ಹೋದ್ರೆ ಹರಕು ಸೀರೇಲಿ ಕೂರಿಸ್ತಾರಾ?’ ಎಂದು ಮೊಣಕೈ ತನಕ ತೋಳು ಇಳಿಸಿ, ತಳದ ಮೂಲೆಯಿಂದ ನಾಲ್ಕು ಅಡಿಕೆ ತೆಗೆದು, ಜೇಬಿನ ಅಡಕತ್ತರಿಯಿಂದ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಿದ್ದರು. ಆಮೇಲೆ ರೇಟು. ಆ ರೇಟಿನಲ್ಲಿ ಸ್ನೇಹ, ನೆಂಟಸ್ತಿಕೆ ಯಾವುದೂ ಇರುತ್ತಿರಲಿಲ್ಲ. ಒಮ್ಮೆ ಸ್ವಂತ ಭಾವಮೈದುನನ ಮಾಲಿಗೆ ಕಡಿಮೆ ಹಾಕಿದ್ದಕ್ಕೆ ಆತ ಎರಡು ಹಬ್ಬಕ್ಕೆ ಮನೆಗೆ ಬರಲಿಲ್ಲ. ‘ಕಣ್ಣಲ್ಲಿ ಕಂಡಿದ್ದು ಬಿಟ್ಟು ಬೇರೆ ರೇಟು ನನ್ನ ಬಾಯಲ್ಲಿ ಬಂದಿಲ್ಲ, ಬರೋದೂ ಇಲ್ಲ’ ಎಂದು ಹೇಳಿಕೊಳ್ಳುವುದು ಅವರಿಗೆ ಒಂದು ಚಟ. ದಿನಕ್ಕೆ ಎರಡು ಸಲವಾದರೂ ಕೇಳಬೇಕಿತ್ತು.

ಮಂಡಿಯವರೆಲ್ಲ ಒಮ್ಮೆ ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೋಗಿದ್ದೆವು. ಸಫಾರಿ ಬಸ್ಸು ಒಳಗೆ ಹೋಗುತ್ತಿದ್ದಂತೆ ಸಿಂಹ ಎಡಗಡೆ ಕಾಣುತ್ತೋ ಬಲಗಡೆಯೋ ಎಂದು ನಮ್ಮ ಗಲಾಟೆ. ಎಲ್ಲರೂ ಕಾಡನ್ನು ನೋಡುತ್ತಿದ್ದರೆ ಅವರು ಕಂಬಿ ಹಿಡಿದು ನಿಂತು ಡ್ರೈವರನ ಕತ್ತಿನ ಹಿಂಭಾಗ ನೋಡುತ್ತಿದ್ದರು. ‘ಬಲಗಡೆ’ ಎಂದರು. ಬಲಗಡೆಯೇ ಮಲಗಿತ್ತು. ‘ಅವನು ದಿನಾ ಬರೋನು. ಅವನ ಕತ್ತು ಯಾವ ಕಡೆ ವಾಲುತ್ತೆ ನೋಡಿದ್ರೆ ಆಯ್ತಪ್ಪ, ಸಿಂಹ ಯಾಕೆ ಹುಡುಕ್ತೀರಿ?’ ಅಂದರು. ಸಿಂಹವನ್ನು ಅವರು ಸರಿಯಾಗಿ ನೋಡಲೇ ಇಲ್ಲ ಎಂದು ನನ್ನ ಅನುಮಾನ. ಬಸ್ಸಿನಿಂದ ಯಾವಾಗ ಇಳಿಯುತ್ತೇವೋ ಎಂದು ಕಾಲು ಕುಣಿಸುತ್ತಿದ್ದರು.

ಇಂಥವರ ಫೋನಿಗೆ, ಪಂದ್ಯಗಳ ಮೇಲೆ ದುಡ್ಡು ಕಟ್ಟುವ ಒಂದು ಆಪ್ ಹಾಕಿಕೊಟ್ಟವಳು ಮಗಳೇ. ಸಹನಾ ಎಂದು ಕರೆಯುತ್ತೇನೆ, ನಿಜ ಹೆಸರು ಬೇರೆ. ಬಿ.ಕಾಂ. ಮುಗಿಸುತ್ತಿದ್ದಳು, ಮೊಬೈಲಿನಲ್ಲಿ ಯುದ್ಧದ ಆಟ ಆಡುತ್ತಿದ್ದಳು. ತಮಾಷೆಗಲ್ಲ. ಭದ್ರಾವತಿಯ ನಾಲ್ಕು ಜನ ಸೇರಿ ‘ಐರನ್ ಟೌನ್’ ಎಂದು ತಂಡ ಕಟ್ಟಿದ್ದರು, ಇವಳೇ ನಾಯಕಿ. ಒಂದು ದ್ವೀಪಕ್ಕೆ ಹದಿನಾರು ತಂಡ ಇಳಿಯುತ್ತವೆ, ಕೊನೆಗೆ ಉಳಿದವರಿಗೆ ಹೆಚ್ಚು ಅಂಕ. ಇಂಥ ಪಂದ್ಯಗಳನ್ನು ದೇಶದಲ್ಲೆಲ್ಲ ಲಕ್ಷಾಂತರ ಜನ ಕೂತು ನೋಡುತ್ತಾರೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಆಪಿನಲ್ಲಿ ಇದ್ದದ್ದು ಇಷ್ಟೆ. ‘ಈ ತಂಡ ಗೆಲ್ಲುತ್ತದೆಯೇ?’ ಎಂದು ಒಂದು ಪ್ರಶ್ನೆ. ‘ಹೌದು’ ಕೊಳ್ಳಬಹುದು, ‘ಇಲ್ಲ’ ಕೊಳ್ಳಬಹುದು. ಎರಡರ ಬೆಲೆ ಸೇರಿ ಹತ್ತು ರೂಪಾಯಿ. ‘ಹೌದು’ ಆರಾದರೆ ‘ಇಲ್ಲ’ ನಾಲ್ಕು. ಜನ ಯಾವುದನ್ನು ಹೆಚ್ಚು ಕೊಳ್ಳುತ್ತಾರೋ ಅದು ಏರುತ್ತದೆ. ಪಂದ್ಯ ಮುಗಿದ ಮೇಲೆ ಸರಿ ಹೇಳಿದವನಿಗೆ ಹತ್ತು, ತಪ್ಪಿದವನಿಗೆ ಸೊನ್ನೆ. ಅವರಿಗೆ ಇದು ಒಂದೇ ನೋಟಕ್ಕೆ ಹಿಡಿಸಿತು. ‘ಇದೂ ಮಂಡಿನೇ. ಆದ್ರೆ ಎಲ್ಲರೂ ರೇಟನ್ನ ಬಾಯಿಬಿಟ್ಟು ಕೂಗ್ತಾರಲ್ಲ, ನಾಚಿಕೆ ಇಲ್ಲದ ಮಂಡಿ’ ಎಂದರು.

ದುಡ್ಡಿನ ಆಸೆಗೆ ಅವರು ಆಡಿದವರಲ್ಲ. ಟೀ ಕಾಸಿನಷ್ಟು ಹಾಕುತ್ತಿದ್ದರು, ಆದರೆ ‘ಹೌದು’ ಆಗಲಿ ‘ಇಲ್ಲ’ ಆಗಲಿ, ಎಣಿಕೆಯಲ್ಲಿ ಹತ್ತಕ್ಕಿಂತ ಕಡಿಮೆ ಕೊಳ್ಳುತ್ತಿರಲಿಲ್ಲ. ‘ಒಂದು ಎರಡು ತಗೊಳ್ಳೋದು ನಂಬಿಕೆ ಇಲ್ಲದೋರ ಕೆಲಸ.’ ಮಧ್ಯಾಹ್ನ ಬುತ್ತಿ ಮುಗಿದ ಮೇಲೆ ಚೀಲಗಳ ನಡುವೆ ಅಡ್ಡಾಡುತ್ತ, ಫೋನನ್ನು ಮಾರು ದೂರ ಹಿಡಿದು ಹಳೆಯ ಪಂದ್ಯಗಳನ್ನು ನೋಡುತ್ತಿದ್ದರು. ಗೆದ್ದ ಪಂದ್ಯಗಳನ್ನಲ್ಲ, ಸೋತವನ್ನು. ಗೆದ್ದದ್ದು ಚೀಲದ ಮೇಲಿನ ಅಡಿಕೆಯಂತೆ. ಸೋಲುವಾಗ ನಾಲ್ವರೂ ಒಟ್ಟಿಗಿರುತ್ತಾರೋ, ಒಬ್ಬನನ್ನು ಬಿಟ್ಟು ಮೂವರು ಓಡುತ್ತಾರೋ ನೋಡಬೇಕು ಎನ್ನುತ್ತಿದ್ದರು. ಅಡಿಕೆ ಕತ್ತರಿಸಿ ಗಟ್ಟಿಯಾದ ಬೆರಳು ಪರದೆಯ ಮೇಲೆ ಕೆಲಸ ಮಾಡುತ್ತಿರಲಿಲ್ಲ. ‘ಒತ್ತು ಮಾರಾಯ’ ಎಂದು ನನ್ನ ಕಡೆ ಚಾಚುತ್ತಿದ್ದರು, ನಾನು ಒತ್ತುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಅವರು ಹೇಳಿದ್ದೇ ಆಗುತ್ತಿತ್ತು.

ಆಮೇಲೇನು, ಮಂಡಿಯಲ್ಲಿ ಅವರು ಗುರುಗಳಾದರು. ಅವರು ‘ಹೌದು’ ಎಂದರೆ ಅಕ್ಕಪಕ್ಕದ ಮಂಡಿಯವರೂ ‘ಹೌದು’. ಸುದ್ದಿ ಹಂಚುವ ಹಾಲಕ್ಕಿ ನಾನೇ. ಅವರ ಹಿಂದೆ ನಾನೂ ಕೊಳ್ಳುತ್ತಿದ್ದೆ, ಅವರಿಗಿಂತ ಜಾಸ್ತಿಯೇ. ಬುದ್ಧಿ ಅವರದು, ಆಸೆ ನನ್ನದು.

ಆ ಆಪಿನಲ್ಲಿ ನಮಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಯಾರು ಹೆಚ್ಚು ಸಲ ಸರಿ ಹೇಳುತ್ತಾರೋ ಅವರನ್ನು ‘ನಿಪುಣರು’ ಎಂದು ಪಟ್ಟಿ ಮಾಡಿ, ಅವರು ಯಾವ ಕಡೆ ಎಂದು ಎಲ್ಲರಿಗೂ ತೋರಿಸುತ್ತಿತ್ತು. ಎಷ್ಟು ಕೊಂಡರು ಅನ್ನುವುದನ್ನಲ್ಲ, ಯಾವ ಕಡೆ ಅನ್ನುವುದನ್ನು ಮಾತ್ರ. ಅಪ್ಪನಿಗೆ ಆಪ್ ಹಾಕಿಕೊಡುವಾಗ ಸಹನಾ ಇಟ್ಟ ಹೆಸರು ‘ಅಡಕತ್ತರಿ’. ಅಡಕತ್ತರಿ ಆ ಪಟ್ಟಿಗೆ ಸೇರಿ ತಿಂಗಳೇ ಆಗಿತ್ತಂತೆ. ಅವರು ಮಾತ್ರ ಟೆಂಡರ್ ಪೆಟ್ಟಿಗೆಗೆ ಚೀಟಿ ಹಾಕಿದಂತೆ, ತನ್ನದು ತನಗೊಬ್ಬನಿಗೇ ಎಂದುಕೊಂಡಿದ್ದರು.

ಅಷ್ಟರಲ್ಲಿ ಐರನ್ ಟೌನ್ ತಂಡ ಆಡುತ್ತ ಆಡುತ್ತ ದೊಡ್ಡ ಸ್ಪರ್ಧೆಯ ಕೊನೆಯ ಹದಿನಾರಕ್ಕೆ ಬಂತು. ಮೊದಲ ಎಂಟರೊಳಗೆ ಬಂದರೆ ಒಂದು ಕಂಪನಿಯವರು ವರ್ಷದ ಮಟ್ಟಿಗೆ ತಂಡವನ್ನು ತೆಗೆದುಕೊಳ್ಳುವವರಿದ್ದರು. ಅಪ್ಪ ಮಗಳ ನಡುವೆ ಮಾತಾಗಿತ್ತು. ಎಂಟರೊಳಗೆ ಬಂದರೆ ಒಂದು ವರ್ಷ ಆಡು, ಮನೆಯಲ್ಲಿ ಯಾರೂ ಚಕಾರ ಎತ್ತಲ್ಲ. ಬರದಿದ್ದರೆ ಬಿ.ಎಡ್. ‘ಅವಳಿಗೆ ಬೇರೆ ಏನೂ ಬೇಡ ಮಾರಾಯ, ಒಂದು ವರ್ಷ ಬೇಕಂತೆ. ನಾನು ಅವಳ ವಯಸ್ಸಲ್ಲಿ ಏನು ಬೇಕು ಅಂತಾನೇ ಕೇಳ್ಕೊಂಡಿರಲಿಲ್ಲ’ ಎಂದರು. ಹಾಗೆನ್ನುವಾಗ ಅವರು ಒಂದು ಗಳಿಗೆ ನಿಂತಿದ್ದರು.

ಪಂದ್ಯ ಶನಿವಾರ ಮಧ್ಯಾಹ್ನ. ನಾಲ್ವರೂ ಅವರ ಮನೆಯ ಮುಂದಿನ ಕೋಣೆಯಲ್ಲೇ ಕೂತು ಆಡುವುದು. ಇವರನ್ನು ಮಗಳು ಮಂಡಿಗೆ ಓಡಿಸಿದ್ದಳು. ‘ನೀವು ಮನೇಲಿದ್ರೆ ಆ ಕಡೆ ಈ ಕಡೆ ನಡೆದು ನಮ್ಮ ತಲೆ ಕೆಡಿಸ್ತೀರಿ ಅಪ್ಪ.’ ಆರು ಆಟ. ಐದು ಮುಗಿದಾಗ ಐರನ್ ಟೌನ್ ಐದನೇ ಸ್ಥಾನದಲ್ಲಿತ್ತು. ‘ಐರನ್ ಟೌನ್ ಎಂಟರೊಳಗೆ ಬರುತ್ತದೆಯೇ?’ ಅನ್ನುವ ಪ್ರಶ್ನೆಗೆ ‘ಹೌದು’ ಎಂಟು ರೂಪಾಯಿಗೆ ಏರಿತ್ತು. ಭದ್ರಾವತಿ ಶಿವಮೊಗ್ಗದವರೆಲ್ಲ ಅಭಿಮಾನಕ್ಕೆ ಕೊಂಡಿದ್ದರು. ನಾನೂ ಕೊಂಡಿದ್ದೆ.

ಅವರು ಬೆಲೆ ನೋಡಿದರು. ‘ಎಂಟಾಯ್ತಲ್ಲೋ’ ಎಂದರು. ಸಂತೋಷದಲ್ಲಿ ಹೇಳಿದ ಮಾತಲ್ಲ. ಮೂಲೆಗೆ ಹೋದರು, ವಾಪಸ್ ಬಂದರು. ‘ಎಷ್ಟು ಜನ ನೋಡ್ತಿದಾರೋ ಏನೋ’ ಎಂದರು. ಹಣೆಯ ವಿಭೂತಿಯನ್ನು ಒಂದು ಸಲ ಮುಟ್ಟಿಕೊಂಡು, ಫೋನನ್ನು ನನಗೆ ಕೊಡದೆ, ತಮ್ಮ ಬೆರಳಿನಿಂದಲೇ ಮೂರ್ನಾಲ್ಕು ಸಲ ಒತ್ತಿ ಒತ್ತಿ ಏನೋ ಕೊಂಡರು. ನಾನು ಭುಜದ ಮೇಲಿಂದ ಇಣುಕಿದೆ. ‘ಇಲ್ಲ.’ ಎರಡು ರೂಪಾಯಿಯ ಒಂದೇ ಒಂದು ‘ಇಲ್ಲ’.

ನಾನು ಆಗ ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಹತ್ತಕ್ಕಿಂತ ಕಡಿಮೆ ಕೊಳ್ಳದ ಮನುಷ್ಯ ಒಂದು ಯಾಕೆ ಕೊಂಡರು ಎಂದು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ತಳದ ಅಡಿಕೆ ಕತ್ತರಿಸಿ ನೋಡಿದ್ದಾರೆ, ಒಳಗೆ ಹುಳ ಕಂಡಿದೆ ಎಂದುಕೊಂಡೆ. ನನ್ನ ‘ಹೌದು’ಗಳನ್ನೆಲ್ಲ ಮಾರಿ ಐವತ್ತು ‘ಇಲ್ಲ’ ಕೊಂಡೆ. ಸಹನಾ ಕೈಯಾರೆ ಮಾಡಿದ ರವೆಉಂಡೆ ತಿಂದ ಬಾಯಿ ಇದು. ಆಮೇಲೆ ವಾಟ್ಸಾಪಿನಲ್ಲಿ ಮಂಡಿಯವರ ಗುಂಪಿಗೆ ಹಾಕಿದೆ, ‘ಗುರುಗಳು ಇಲ್ಲ ಅಂದ್ರು.’ ಯಾರೋ ಉತ್ತರ ಬರೆದರು: ಹೆತ್ತವರಿಗೆ ಹೆಗ್ಗಣ ಮುದ್ದು, ಹೆತ್ತಪ್ಪನೇ ಇಲ್ಲ ಅಂದಮೇಲೆ ಮುಗೀತು. ಅದು ಎಷ್ಟು ಫೋನಿಗೆ ಹೋಯಿತೋ. ಇತ್ತ ಆಪು ಬೇರೆ ‘ನಿಪುಣ ಅಡಕತ್ತರಿ: ಇಲ್ಲ’ ಎಂದು ಸಾರಿತು. ಕಾಲು ಗಂಟೆಯಲ್ಲಿ ‘ಹೌದು’ ಎಂಟರಿಂದ ಮೂರಕ್ಕೆ ಬಿತ್ತು.

ಆರನೇ ಆಟಕ್ಕೆ ಮೊದಲು ಸಹನಾ ಆಪಿನಲ್ಲಿ ಅಪ್ಪನ ‘ಇಲ್ಲ’ವನ್ನೂ ಬಿದ್ದ ಬೆಲೆಯನ್ನೂ ನೋಡಿದಳಂತೆ. ಐದು ಆಟಗಳಲ್ಲಿ ನುಗ್ಗಿ ಆಡಿದ ಹುಡುಗಿ ಆರನೆಯದರಲ್ಲಿ ತಂಡವನ್ನು ದ್ವೀಪದ ಒಂದು ಮನೆಯೊಳಗೆ ಅಡಗಿ ಕೂರಿಸಿಬಿಟ್ಟಳು. ನಾವು ಫೋನಿನಲ್ಲಿ ನೋಡುತ್ತಿದ್ದೆವು. ‘ಆಚೆ ಬಾ, ಆಚೆ ಬಾ’ ಎಂದು ಅವರು ಚೀಲಗಳ ನಡುವೆ ಓಡಾಡಿದರು. ಕೊನೆಗೆ ತಮಿಳಿನಲ್ಲಿ ಬಯ್ಯತೊಡಗಿದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ತಮಿಳರ ನಡುವೆ ಬೆಳೆದವರಿಗೆ ಸಿಟ್ಟು ಬಂದರೆ ಆ ಭಾಷೆಯೇ ಬರುವುದು. ಅವಳು ಆಚೆ ಬರಲಿಲ್ಲ. ಒಂಬತ್ತನೇ ಸ್ಥಾನ. ಅವರ ಫೋನಿನಲ್ಲಿ ‘ಅಭಿನಂದನೆಗಳು, ನೀವು ಗೆದ್ದಿರಿ’ ಎಂದು ಬಣ್ಣದ ಕಾಗದದ ಚೂರುಗಳು ಉದುರಿದವು.

ಸೋಮವಾರ ಅವರು ರೈಲಿಳಿದು ಬಂದವರೇ ನನ್ನ ಮೇಜಿನ ಹತ್ತಿರ ನಿಂತರು. ‘ಬೊಟ್ಟು ಇಟ್ಟೆ ಮಾರಾಯ’ ಎಂದರು. ನನಗೆ ಅರ್ಥವಾಗಲಿಲ್ಲ. ‘ಅಷ್ಟು ಜನ ಹೌದು ಹೌದು ಅಂತಿದ್ರಲ್ಲ. ಮಗಳಿಗೆ ದೃಷ್ಟಿ ತಾಕುತ್ತೆ ಅನ್ನಿಸ್ತು. ಚಿಕ್ಕೋಳಿದ್ದಾಗ ಅವಳಮ್ಮ ಕೆನ್ನೆಗೆ ಕಾಡಿಗೆ ಬೊಟ್ಟು ಇಡ್ತಿದ್ಲು. ಹಂಗೇ ಒಂದು ಇಲ್ಲ ಹಾಕ್ದೆ. ಪೆಟ್ಟಿಗೆಗೆ ಬಿದ್ದಿದ್ದು ಯಾರಿಗೆ ಕಾಣುತ್ತೆ ಅಂದ್ಕೊಂಡೆ.’ ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡರು. ‘ಅವಳು ಮಾತಾಡ್ತಿಲ್ಲ.’

ಊಟಕ್ಕೆ ಬನ್ನಿ, ನೀರು ಬಂತು, ಅಷ್ಟು ಬಿಟ್ಟರೆ ಅವಳು ಮಾತಾಡುತ್ತಿರಲಿಲ್ಲ. ಅವರು ಬೊಟ್ಟಿನ ಕಥೆ ಹೇಳಿದ್ದರು, ಅವಳು ನಂಬಿರಲಿಲ್ಲ. ‘ಕಣ್ಣಲ್ಲಿ ಕಂಡಿದ್ದು ಬಿಟ್ಟು ಬೇರೆ ರೇಟು ನಿಮ್ಮ ಬಾಯಲ್ಲಿ ಬರಲ್ಲ ಅಂತ ನೀವೇ ಹೇಳಿದ್ದಲ್ವಾ ಅಪ್ಪ’ ಎಂದಳಂತೆ. ಜೀವಮಾನದ ಸತ್ಯವೇ ಅವರಿಗೆ ತಿರುಗುಬಾಣವಾಗಿತ್ತು. ಒಂದೇ ಕೊಂಡದ್ದು ಎಂದು ಆಪಿನಲ್ಲಿ ತೋರಿಸೋಣ ಎಂದು ಅವರಿಗೆ ಹೊಳೆಯುವ ಹೊತ್ತಿಗೆ ದುಡ್ಡು ಕಟ್ಟುವ ಇಂಥ ಆಟಗಳನ್ನು ನಿಲ್ಲಿಸುವ ಕಾನೂನು ಬಂದು, ಆಪ್ ಬಾಗಿಲು ಹಾಕಿತ್ತು. ಸಹನಾ ಬಿ.ಎಡ್. ಸೇರಿದಳು. ಫೋನಿನಿಂದ ಆಟವನ್ನು ತೆಗೆದುಹಾಕಿದಳು.

‘ನೀನು ನೋಡಿದ್ದೀಯಲ್ಲ ಮಾರಾಯ. ಒಂದು ಮಾತು ಹೇಳು ಅವಳಿಗೆ’ ಎಂದು ಅವರು ನನ್ನನ್ನು ಕೇಳಿದರು. ‘ಹೇಳ್ತೀನಿ ಅಣ್ಣ’ ಎಂದೆ. ಹೇಳುವುದು ಸುಲಭ ಅಲ್ಲ. ಹೇಳಿದರೆ ಮುಂದಿನದನ್ನೂ ಹೇಳಬೇಕು. ಒಂದು ‘ಇಲ್ಲ’ ಸಾವಿರ ಆದದ್ದು ಹೇಗೆ ಎಂದು ಅವಳು ಕೇಳದೆ ಇರುವವಳಲ್ಲ. ಅವರಿಗೆ ನನ್ನ ಐವತ್ತರ ವಿಷಯವಾಗಲಿ ವಾಟ್ಸಾಪಿನ ವಿಷಯವಾಗಲಿ ಗೊತ್ತಿರಲಿಲ್ಲ. ಎಲ್ಲ ಆಪಿನ ಪಟ್ಟಿಯಿಂದ ಆದದ್ದು ಎಂದೇ ನಂಬಿದ್ದರು. ನಂಬಿಕೊಂಡಿರಲಿ ಎಂದು ನಾನೂ ಸುಮ್ಮನಿದ್ದೆ.

ಒಂದು ಭಾನುವಾರ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಪ್ಪ ಮಗಳಿಬ್ಬರೂ ಎದುರಾದರು. ಕಾಲೇಜಿಗೆ ಸೀರೆ ಕೊಳ್ಳಲು ಬಂದಿದ್ದರು. ಅವಳು ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಅವರ ಮುಖ ನನ್ನನ್ನು ನೋಡಿ ಅರಳಿತು. ‘ಸಹನಾ, ಇವರು ಅವತ್ತು ನನ್ನ ಪಕ್ಕದಲ್ಲೇ ಇದ್ರು ನೋಡು. ಏನ್ ಮಾರಾಯ, ಅವತ್ತು…’ ಎಂದು ಮಾತನ್ನು ನನ್ನ ಬಾಯಿಯ ತನಕ ತಂದು ನಿಲ್ಲಿಸಿದರು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ನಾನು ‘ಗಾಡಿ ಅಡ್ಡ ನಿಲ್ಲಿಸಿ ಬಂದಿದ್ದೀನಿ ಅಣ್ಣ, ಪೊಲೀಸರು ಎತ್ಕೊಂಡು ಹೋಗ್ತಾರೆ, ಬರ್ತೀನಿ’ ಎಂದು ಜನರ ನಡುವೆ ನುಗ್ಗಿದೆ. ಗಾಡಿ ವಿನೋಬನಗರದ ನಮ್ಮ ಮನೆಯ ಮುಂದೆಯೇ ಇತ್ತು, ನಾನು ಬಂದದ್ದು ಸಿಟಿ ಬಸ್ಸಿನಲ್ಲಿ.

ಮರುದಿನ ಅವರು ನನ್ನ ಮೇಜಿನ ಹತ್ತಿರ ಬಂದರು. ಎಂದಿನಂತೆ ಟವೆಲ್ ಅಡ್ಡ ಹಿಡಿದು ರೇಟು ಹೇಳಿದರು. ಮಗಳಿಗೆ ಹೇಳು ಎಂದು ಮತ್ತೆ ಕೇಳಲಿಲ್ಲ. ಒಂದು ಸಲ ಬಯ್ದಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ತಿಂಗಳುಗಳು ಹೋದವು. ಹೋದ ತಿಂಗಳು ಒಂದು ಬೆಳಿಗ್ಗೆ ರೈಲು ಬಂತು, ಅವರು ಬರಲಿಲ್ಲ. ಮನೆಯಲ್ಲಿ ಶರ್ಟು ಹಾಕಿಕೊಳ್ಳುತ್ತ ಬಿದ್ದವರು ಏಳಲಿಲ್ಲ ಎಂದು ಫೋನ್ ಬಂತು.

ಶಿವಗಣಾರಾಧನೆಗೆ ಭದ್ರಾವತಿಗೆ ಹೋದೆ. ರೈಲಿನಲ್ಲಿ ನನಗೂ ಕೂರಲು ಆಗಲಿಲ್ಲ. ಪಂಕ್ತಿಯಲ್ಲಿ ಕೂತೆ, ಏನು ತಿಂದೆ ಗೊತ್ತಿಲ್ಲ. ಊಟ ಮುಗಿದು ಜನ ಕರಗಿದ ಮೇಲೆ ಸಹನಾ ಮುಂದಿನ ಕೋಣೆಯಲ್ಲಿ ಜಮಖಾನೆ ಸುತ್ತುತ್ತಿದ್ದಳು. ಐರನ್ ಟೌನಿನ ನಾಲ್ವರೂ ಕೂತು ಆಡಿದ್ದು ಅದೇ ಕೋಣೆಯಲ್ಲಿ. ಬಾಗಿಲಲ್ಲಿ ನಿಂತುಕೊಂಡೇ ಹೇಳಿದೆ.

‘ಅವತ್ತು ನಿಮ್ಮಪ್ಪ ಒಂದೇ ಒಂದು ಇಲ್ಲ ತಗೊಂಡಿದ್ದು. ದೃಷ್ಟಿಗೆ ಅಂತ. ನಾನು ನೋಡಿದ್ದೀನಿ.’

ಅವಳ ಕೈ ನಿಂತಿತು. ‘ಒಂದೇನಾ?’

‘ಒಂದೇ. ಎರಡು ರೂಪಾಯಿಗೆ. ಅವರೇ ಒತ್ತಿದ್ರು, ನನಗೆ ಕೊಡ್ಲಿಲ್ಲ.’

ಅವಳು ಅರ್ಧ ಸುತ್ತಿದ ಜಮಖಾನೆಯ ಮೇಲೆ ಕೂತಳು. ‘ಅಪ್ಪ ಇಲ್ಲ ಅಂದ್ರೆ ಇಲ್ಲವೇ ಅಂತ ಆಡಿದೆ ಅಂಕಲ್ ನಾನು. ನುಗ್ಗೋಣ ಅಂತ ಹುಡುಗ್ರು ಅಂದ್ರು. ಅಪ್ಪನ ರೇಟು ಯಾವತ್ತು ತಪ್ಪಿದೆ ಅಂತ ಕೂತ್ಬಿಟ್ಟೆ’ ಎಂದಳು. ಆಮೇಲೆ, ಅವಳಿಗೆ ಆ ಆಟದ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು, ನಿಧಾನವಾಗಿ ಕೇಳಿದಳು. ‘ಪಟ್ಟಿ ನೋಡಿ ಕೊಳ್ಳೋರು ಒಂದಿಷ್ಟು ಜನ ಇರಬಹುದು. ಅಷ್ಟಕ್ಕೆ ಎಂಟರಿಂದ ಮೂರಕ್ಕೆ ಬೀಳಲ್ಲ. ಉಳಿದಿದ್ದು ಯಾರು?’

‘ನಾನು ಐವತ್ತು ತಗೊಂಡೆ’ ಎಂದೆ. ‘ಆಮೇಲೆ ಎಲ್ಲರಿಗೂ ಹೇಳ್ದೆ.’

ಅವಳು ಎದ್ದಳು. ನನ್ನ ಪಕ್ಕದಿಂದಲೇ ದಾಟಿ ಅಡುಗೆಮನೆಯ ಬಾಗಿಲಿಗೆ ಹೋಗಿ, ‘ಅಮ್ಮ, ಅಪ್ಪ ಹೇಳಿದ್ದು ನಿಜಾನೇ ಅಂತೆ. ಒಂದೇ ಹಾಕಿದ್ದಂತೆ’ ಎಂದಳು. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ನಾನು ಬಾಗಿಲಲ್ಲೇ ಇದ್ದೆ.